ಚಾಂಪಿಯನ್ ಅಂಗಿ

ಕ್ಲಿಫ್ಟನ್ ಸಾಹೇಬರು ಒಂದು ಕಾಲನ್ನು ಕಾರಿನಿಂದ ಕೆಳಗಿಟ್ಟವರು ಇನ್ನೊಂದನ್ನು ಒಳಗೇ ಬಿಟ್ಟು ಹಾಗೇ ಕೂತುಬಿಟ್ಟರು. ಎದುರಿಗೆ, ಗಲ್ಫಿನ ಶುಐಬಾದ ಪ್ಲಾಂಟಿನ ಗೇಟಿನ ಹತ್ತಿರ, ಬೆಳಗಿನ ಹಾಜರಿಗೆ ನಲವತ್ತು ಜನ ಕೆಲಸಗಾರರು ಸಾಲಾಗಿ ನಿಂತಿದ್ದರು. ಅಷ್ಟೂ ಜನರ ಮೈಮೇಲೆ ಒಂದೇ ಥರದ ಹಸಿರು ಅಂಗಿ. ಎದೆಯಲ್ಲಿ ಸಾಹೇಬರ ಊರಿನ ಫುಟ್‌ಬಾಲ್ ಟೀಮಿನ ಗುರುತಾದ ಮುಳ್ಳುಹಂದಿಯ ಚಿತ್ರ, ಅದರ ಕೆಳಗೆ ಗೇಣುದ್ದದ ಇಂಗ್ಲಿಷ್ ಅಕ್ಷರದಲ್ಲಿ ‘ಚಾಂಪಿಯನ್ಸ್’. ಸಾಲಿನ ತುದಿಯಲ್ಲಿ ಫೋರ್‌ಮನ್ ದೇಜಪ್ಪ ಹಲ್ಲೆಲ್ಲ ಕಾಣುವಂತೆ ನಗುತ್ತ ನಿಂತಿದ್ದ.

ಆ ನಗು ಪುಕ್ಕಟೆಯದಲ್ಲ. ಊರಿನಲ್ಲಿ ಮಗಳು ನವ್ಯಶ್ರೀಗೆ ತಿಂಗಳು ತುಂಬಿತ್ತು. ತಾಯಿಯಿಲ್ಲದ ಹುಡುಗಿ, ಚೊಚ್ಚಲ ಹೆರಿಗೆ, ‘ಅಪ್ಪಾ, ನೀವು ಬರಲೇಬೇಕು’ ಎಂದು ದಿನಾ ಫೋನಿನಲ್ಲಿ ಅಳು. ನಾಳೆಯಿಂದ ಪ್ಲಾಂಟು ನಿಲ್ಲಿಸಿ ರಿಪೇರಿ ಶುರುವಾದರೆ ಯಾರಿಗೂ ರಜೆಯಿಲ್ಲ. ಸಾಹೇಬರು ಇವತ್ತು ಸಹಿ ಹಾಕಿದರೆ ಉಂಟು, ಇಲ್ಲವಾದರೆ ಇಲ್ಲ. ಕೇಳಿದಾಗಲೆಲ್ಲ ಅವರದು ಒಂದೇ ಮಾತು, ನೋಡೋಣ.

ಸಾಹೇಬರನ್ನು ಒಲಿಸುವ ದಾರಿ ಒಂದೇ, ಆ ಟೀಮು. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ, ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಆ ಆಟದ ತಲೆಬುಡ ದೇಜಪ್ಪನಿಗೆ ತಿಳಿಯದು. ಆದರೆ ಕಳೆದ ಸೀಸನ್ ಪೂರ್ತಿ ಪ್ರತಿ ಸೋಮವಾರ ಸಾಹೇಬರ ಮುಖ ಓದಿದ್ದ. ಗೆದ್ದರೆ ಎಲ್ಲರಿಗೂ ಸಿಹಿ. ಸೋತರೆ ಅವರ ನೆರಳಿಗೂ ಯಾರೂ ಹೋಗುತ್ತಿರಲಿಲ್ಲ. ಟೀಮು ಗೆದ್ದು ಗೆದ್ದು ಫೈನಲಿಗೆ ಹೋಯಿತು. ಅಲ್ಲಿ ಕೊನೆಯ ನಿಮಿಷದಲ್ಲಿ ಮುಗ್ಗರಿಸಿತು. ಆ ವಾರವಿಡೀ ಸಾಹೇಬರು ಯಾರೊಡನೆಯೂ ಮಾತಾಡಲಿಲ್ಲ. ಇಂಥದ್ದರಲ್ಲಿ, ಯಾರೋ ಪುಣ್ಯಾತ್ಮರು ಕೆಲಸಗಾರರ ಕ್ಯಾಂಪಿಗೆ ದಾನ ಕೊಟ್ಟ ಬಟ್ಟೆಯ ಮೂಟೆ ಬಿಚ್ಚಿದರೆ ತುಂಬ ಮುಳ್ಳುಹಂದಿಗಳೇ! ಬೆಣ್ಣೆ ಹಚ್ಚುವುದಕ್ಕೆ ದೇವರೇ ಕಳಿಸಿಕೊಟ್ಟ ಎಂದುಕೊಂಡ ದೇಜಪ್ಪ.

“ಚಾಂಪಿಯನ್ಸ್ ಅಂತ ಉಂಟಲ್ಲ ದೇಜಪ್ಪಣ್ಣ, ಅವರು ಸೋತದ್ದಲ್ವಾ?” ಎಂದು ಜೊತೆಯ ಮೊಯ್ದೀನ್ ಕುಂಞಿ ಕೇಳಿದ್ದ.

“ಹಿಂದೆ ಯಾವಾಗಲೋ ಗೆದ್ದದ್ದಿರಬೇಕು ಮಾರಾಯ. ನೀನು ಸುಮ್ಮನೆ ಹಾಕು.”

ಈಗ ಸಾಹೇಬರು ಕಾರಿನಿಂದ ಇಳಿದು ಬಂದು ದೇಜಪ್ಪನ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಎಲ್ಲಿ ಸಿಕ್ಕಿತು ಇದು?”

“ದಾನಕ್ಕೆ ಬಂದದ್ದು ಸರ್. ಹಳೇ ವರ್ಷದ್ದು ಕಾಣುತ್ತದೆ...”

“ಹಳೇ ವರ್ಷವಾ? ನನ್ನ ಟೀಮು ಇವತ್ತಿನವರೆಗೆ ಒಂದು ಸಲವೂ ಚಾಂಪಿಯನ್ ಆಗಿಲ್ಲ ದೇಜಪ್ಪ. ಈ ಅಂಗಿ ಹಾಕಬೇಕು ಅಂತ ಕಾದು ಕಾದು ನನ್ನ ಅಪ್ಪ ತೀರಿಕೊಂಡ.”

ದೇಜಪ್ಪ ಬೆಣ್ಣೆ ಹಚ್ಚಲು ಹೋಗಿ ಗಾಯಕ್ಕೆ ಉಪ್ಪು ಸವರಿದ್ದ. ರಜೆಗೆ ಎಳ್ಳುನೀರು ಬಿಟ್ಟ ಹಾಗೆಯೇ ಎಂದುಕೊಂಡ. ಆದರೆ ಸಾಹೇಬರು ಬೈಯಲಿಲ್ಲ. ನಿದ್ದೆಯಲ್ಲಿ ಮಾತಾಡುವವರಂತೆ ಹೇಳುತ್ತ ಹೋದರು: ಫೈನಲಿಗೆ ಮೊದಲೇ ಎರಡೂ ಟೀಮುಗಳ ಹೆಸರಿನಲ್ಲಿ ಚಾಂಪಿಯನ್ ಅಂಗಿ ಮಾಡಿಸಿಡುತ್ತಾರೆ. ಗೆದ್ದವರದ್ದು ಅದೇ ಗಳಿಗೆಯಲ್ಲಿ ಅಂಗಡಿಗೆ ಬರುತ್ತದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ, ಎಂದುಕೊಂಡವನೇ ದೇಜಪ್ಪ ನಾಲಿಗೆ ಕಚ್ಚಿಕೊಂಡ. ಮಗಳು ಇವತ್ತೋ ನಾಳೆಯೋ ಎಂದಿರುವಾಗ ನೆನಪಾಗುವ ಗಾದೆಯೇ ಅದು?

“ಮತ್ತೆ ಸೋತವರದ್ದು ಸರ್?” ಮೊಯ್ದೀನ್ ಕುಂಞಿ ಕೇಳಿದ.

“ಅದು ಯಾರ ಕಣ್ಣಿಗೂ ಬೀಳಬಾರದು. ಯಾರೂ ನೋಡದ ಕಡೆಗೆ ಕಳಿಸಿಬಿಡುತ್ತಾರೆ.”

“ಯಾರೂ ನೋಡದ ಕಡೆ ಅಂದ್ರೆ ಎಲ್ಲಿಗೆ?”

ಸಾಹೇಬರು ಕೈಯನ್ನು ಸುಮ್ಮನೆ ಒಮ್ಮೆ ಬೀಸಿದರು. ಪೈಪುಗಳು, ಧೂಳು, ಕ್ಯಾಂಪಿನ ಬಸ್ಸು, ಸಾಲಿನಲ್ಲಿ ನಿಂತ ನಲವತ್ತು ಜನ, ಎಲ್ಲವೂ ಆ ಬೀಸಿನಲ್ಲಿ ಬಂತು. “ಇಂಥ ಕಡೆಗೆ,” ಎಂದರು.

ದೇಜಪ್ಪನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಬೈದಿದ್ದರೆ ನುಂಗಿಕೊಳ್ಳುತ್ತಿದ್ದ, ಬೈಗುಳ ತಿಂದೇ ಇಲ್ಲಿ ತಲೆ ನೆರೆತಿತ್ತು. ಆದರೆ ಸಾಹೇಬರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ತಿರಸ್ಕಾರವೂ ಇರಲಿಲ್ಲ. ಇವತ್ತು ಸೆಖೆ ಜಾಸ್ತಿ ಎನ್ನುವ ಹಾಗೆ ಹೇಳಿದ್ದರು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

“ಎಲ್ಲರ ಅಂಗಿ ತೆಗೆಸು ದೇಜಪ್ಪ, ನನ್ನಿಂದ ನೋಡಲಾಗುವುದಿಲ್ಲ,” ಎಂದು ಸಾಹೇಬರು ಕಣ್ಣೊರೆಸಿಕೊಂಡು ಜೇಬಿನಿಂದ ಪೆನ್ನು ತೆಗೆದರು. “ರಜೆ ಕೇಳಿದ್ದೆಯಲ್ಲ, ಆ ಕಾಗದ ಕೊಡು. ಹೋಗು, ಕಾಯಿಸಬೇಡ, ಮಗಳನ್ನು ನೋಡಿಕೊಂಡು ಬಾ.”

ದೇಜಪ್ಪ ಕಾಗದ ಕೊಟ್ಟ. ಸಾಹೇಬರು ಅದನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಸಹಿಗೆ ತಮ್ಮ ಹೆಸರು ಬರೆಯತೊಡಗಿದರು. ಇನ್ನು ಅರೆಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾಳೆಯ ವಿಮಾನ, ನಾಡಿದ್ದು ಮಗಳ ಮುಖ. ಅವನ ಕೊರಳ ನರ ಉಬ್ಬಿದ್ದನ್ನು ಕಂಡು ಮೊಯ್ದೀನ್ ಕುಂಞಿ ಹಿಂದಿನಿಂದ ಅಂಗಿ ಜಗ್ಗಿ ಪಿಸುಗುಟ್ಟಿದ, “ಖಲಾಸ್ ದೇಜಪ್ಪಣ್ಣ, ಬಿಡಿ. ಮಗುವನ್ನು ನೆನೆಸಿಕೊಳ್ಳಿ.”

ನೆನೆಸಿಕೊಂಡ. ಆದರೂ ನಾಲಿಗೆ ಕೇಳಲಿಲ್ಲ.

“ಸರ್, ಯಾರೂ ನೋಡದ ಕಡೆ ಅಂದಿರಲ್ಲ,” ಎಂದ ದೇಜಪ್ಪ. “ನಾವು ಇಷ್ಟು ಜನ ನೋಡಿದೆವು.”

ಪೆನ್ನು ಅರ್ಧ ಹೆಸರಿಗೆ ನಿಂತಿತು. ಸಾಹೇಬರು ತಲೆಯೆತ್ತಿದರು. ಎದೆಗಳ ಮೇಲಿನ ಅಕ್ಷರದಿಂದ ಕಣ್ಣು ಕಿತ್ತು, ಅದರ ಮೇಲಿದ್ದ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.