ಕೆಂಪು ದೀಪ ಉರಿಯುವಾಗ

"ಕ್ಯಾಸೆಟ್ಟಿನ ಮೇಲೆ ಹೆಸರು ಬೇಕಂತೆ ಇವನಿಗೆ," ಎಂದು ಗಾಯಕ ಮೈಕಿನ ಮುಂದೆ ನಿಂತು ನಕ್ಕ. "ಡೋಲಕ್ಕಿನವನಿಗೂ ಇದೇ ಚಾಳಿ ಇತ್ತು. ಕಾರಿನ ಬಾಗಿಲಲ್ಲಿ ಅವನ ಬೆರಳಿಟ್ಟು ಜಡಿಸಿದೆ ನೋಡು, ಬಿಟ್ಟ. ನಿನಗೂ ಮಾಡಿಸ್ಲೇನೋ, ಮ್ಯಾಂಡೊಲಿನ್?"

"ಬೇಡ ಸಾರ್," ಎಂದ ಮ್ಯಾಂಡೊಲಿನ್ ನುಡಿಸುವ ಲಾರೆನ್ಸ್. ಗಾಯಕನ ಹಾಡುಗಳಲ್ಲಿ ಜನ ಗುನುಗುವ ತುಣುಕುಗಳೆಲ್ಲ ಇವನ ತಂತಿಗಳಲ್ಲೇ ಹುಟ್ಟಿದ್ದವು. ಆದರೂ ಗಾಯಕನಿಗೆ ಇವನ ಹೆಸರು ಗೊತ್ತಿರಲಿಲ್ಲ.

ಕೆಂಪು ದೀಪ ಹೊತ್ತಿತು, ರೆಕಾರ್ಡಿಂಗ್ ಶುರುವಾಯಿತು. ಇನ್ನು ಟೇಕ್ ಮುಗಿಯುವವರೆಗೆ ಸ್ಟುಡಿಯೊದಲ್ಲಿ ಯಾರೂ ಕೆಮ್ಮುವಂತಿಲ್ಲ, ಕದಲುವಂತಿಲ್ಲ. ಒಬ್ಬ ತಪ್ಪಿದರೂ ಇಂಜಿನಿಯರ್ ದೀಪ ಆರಿಸಿ ಮೊದಲಿನಿಂದ ಶುರುಮಾಡಿಸುತ್ತಾನೆ.

ಮೊದಲ ಚರಣದ ನಡುವೆ ಗಾಯಕನ ಬೆನ್ನ ಹಿಂದಿನ ಬಾಗಿಲು ಸದ್ದಿಲ್ಲದೆ ತೆರೆಯಿತು. ಒಳಗೆ ಬಂದವನು ಡೋಲಕ್ಕಿನ ಚೆಲುವಯ್ಯ. ಸೊಟ್ಟಗಾದ ಬೆರಳುಗಳಲ್ಲಿ ಮಚ್ಚು ಹಿಡಿದಿದ್ದ. ಗಾಯಕನ ಕೊರಳು ಒಂದೇ ಮಾರು ದೂರದಲ್ಲಿತ್ತು. ಆದರೆ ಅವನು ದೀಪ ನೋಡಿ ಅಲ್ಲೇ ನಿಂತುಬಿಟ್ಟ. ಇಷ್ಟು ವರ್ಷಗಳಲ್ಲಿ ಅವನು ಒಂದು ಟೇಕನ್ನೂ ಕೆಡಿಸಿದವನಲ್ಲ.

ಗಾಯಕ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಹಾಡುತ್ತಿದ್ದ. ಇಂಜಿನಿಯರ್ ಗಾಜಿನಾಚೆ ತಲೆ ತಗ್ಗಿಸಿ ಕೂತಿದ್ದ. ಪಿಟೀಲಿನವರು, ಕೊಳಲಿನವನು ಎಲ್ಲರೂ ಮಚ್ಚನ್ನು ನೋಡಿದರು. ಯಾರೂ ನುಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲರ ಕಣ್ಣೂ ಲಾರೆನ್ಸನ ಕಡೆ ತಿರುಗಿದವು.

ಹಾಡು ಮುಗಿಯಲು ಇನ್ನೊಂದು ಚರಣವಿತ್ತು. ಅಷ್ಟರಲ್ಲಿ ಚಹಾಕ್ಕೆ ಹೋಗಿದ್ದ ಗಾಯಕನ ಆಳುಗಳು ವಾಪಸು ಬಂದುಬಿಡುತ್ತಿದ್ದರು.

ಜೀವಮಾನದಲ್ಲಿ ಒಂದು ಸ್ವರವನ್ನೂ ತಪ್ಪಾಗಿ ನುಡಿಸದ ಲಾರೆನ್ಸ್, ಚೆಲುವಯ್ಯನನ್ನೇ ನೋಡುತ್ತ, ಬೇಕೆಂದೇ ತಪ್ಪು ತಂತಿ ಮೀಟಿದ. ಕೆಂಪು ದೀಪ ಆರಿತು.