ಆಲಮೇಲದ ಬಣ್ಣದ ಹಲಗೆ

ರೇವವ್ವನ ಬೆಲ್ಲದ ಪೆಂಟಿಯನ್ನು ಮಶಾಕಸಾಬ ಮಾಸ್ತರರು ಮೂರನೆಯ ಸಲ ಹಲಗೆಯ ಪಕ್ಕ ಹಿಡಿದರು. ಹಲಗೆ ಹೊಂಬಣ್ಣ, ಪೆಂಟಿ ಕಂದು. ಸಂಶಯವೇ ಇಲ್ಲ, ಈ ಹೆಂಗಸು ಏನೋ ಮೋಸ ಮಾಡಿದ್ದಾಳೆ.

ಇದೆಲ್ಲ ಶುರುವಾದದ್ದು ಅರವತ್ಮೂರರಲ್ಲಿ, ಪತ್ರಿಕೆಯ ಒಂದು ಸುದ್ದಿಯಿಂದ. ಇಟಲಿಯಲ್ಲಿ ಹೊಸ ಕಾಯ್ದೆ ಬಂದಿತ್ತು: ಒಂದು ಸೀಮೆಯ ಹೆಸರು ಹೊತ್ತ ದ್ರಾಕ್ಷಾರಸ ಆ ಸೀಮೆಯ ದ್ರಾಕ್ಷಿಯದೇ ಆಗಿರಬೇಕು, ಅಲ್ಲಿಯ ಪದ್ಧತಿಯಲ್ಲೇ ತಯಾರಾಗಬೇಕು. ಹೆಂಡದ ವಾಸನೆಗೇ ಮೂಗು ಮುಚ್ಚುವ ಮಾಸ್ತರರಿಗೆ ಅದರ ಕಾಯ್ದೆ ಮಾತ್ರ ತಲೆಗೇರಿತು. ನಮ್ಮ ಬೆಲ್ಲಕ್ಕೇಕೆ ಬೇಡ? ಬರೆದೇಬಿಟ್ಟರು: ಕಬ್ಬು ಆಲಮೇಲದ್ದೇ ಇರಬೇಕು; ಕುದಿಯುವ ರಸದ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಮಾತ್ರ; ಬಣ್ಣ ತಿಳಿಮಾಡುವ ಬಿಳಿ ಪುಡಿ ಹಾಕಿದವರಿಗೆ ಊರಿನ ಮುದ್ರೆ ಇಲ್ಲ. ಒಂದೇ ವರ್ಷದಲ್ಲಿ, ಮುದ್ರೆಯಿಲ್ಲದ ಬೆಲ್ಲವನ್ನು ಸಿಂದಗಿ ಪೇಟೆಯವರು ಮೂಸಿಯೂ ನೋಡದಂತಾಯಿತು.

ಹೋದ ವರ್ಷ ಹೆಸರಿಲ್ಲದೆ ಸಾಲಾಗಿ ಇಟ್ಟ ಪೆಂಟಿಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಮಾಸ್ತರರೇ ಮಾದರಿಗೆಂದು ಆರಿಸಿದ್ದರು. ಪಕ್ಷಪಾತ ಆಗಬಾರದೆಂದು ಯಾರದೆಂದು ಕೇಳಲೂ ಇಲ್ಲ. ಪೇಂಟರ್ ಹಾಜಿಮಲಂಗನಿಂದ ಅದರ ಬಣ್ಣವನ್ನು ಹಲಗೆಗೆ ಹಚ್ಚಿಸಿ ಚಾವಡಿಯಲ್ಲಿ ತೂಗುಹಾಕಿದರು. ಈ ಸಲ ಹಲಗೆಗೆ ಹೊಂದಿದ ಬೆಲ್ಲಕ್ಕಷ್ಟೇ ಮುದ್ರೆ. ಹತ್ತೊಂಬತ್ತು ಮನೆಯವರದು ಹೊಂದಿತು. ಮಾಸ್ತರರ ಎದೆ ಉಬ್ಬಿತ್ತು. ಇಪ್ಪತ್ತನೆಯದು ರೇವವ್ವನದು.

"ಕಬ್ಬು ಹೊಳಿ ಆಚೀದೇನವ್ವಾ?"

"ಅಲ್ರಿ. ನಮ್ಮ ಹೊಲದ್ದ."

"ಬೆಂಡಿ ಹಾಕೀಯೇನು?"

ರೇವವ್ವ ಎರಡೂ ಅಂಗೈ ಚಾಚಿದಳು. ಬೆಂಡೆಗಿಡ ಜಜ್ಜಿ ಜಜ್ಜಿ ಹಸಿರುಗಟ್ಟಿದ್ದವು.

"ಈ ಸಲ ಬೆಂಡಿ ಬಿಟ್ಟು ಏನೂ ಹಾಕಿಲ್ರಿ."

ಹಲಗೆಯ ಕಡೆ ಮಾತ್ರ ಅವಳು ಒಮ್ಮೆಯೂ ನೋಡಲಿಲ್ಲ. ಕಳ್ಳರ ಲಕ್ಷಣವೇ ಇದು ಎಂದುಕೊಂಡರು ಮಾಸ್ತರರು. ಹೋದ ವರ್ಷ ಗಂಡ ಖಂಡೆಪ್ಪ ವಿಜಾಪುರದ ದವಾಖಾನೆಯಲ್ಲಿ ಮಲಗಿದ್ದಾಗ, ಮುದ್ರೆ ಸಿಗದಿದ್ದರೆ ಔಷಧಕ್ಕೂ ದಿಕ್ಕಿಲ್ಲ ಎಂದು ಇದೇ ಚಾವಡಿಯಲ್ಲಿ ಅತ್ತವಳು. ಮುದ್ರೆ ಸಿಕ್ಕಿತು, ಖಂಡೆಪ್ಪ ಉಳಿಯಲಿಲ್ಲ. ಈಗ ಅವಳ ಹೊಟ್ಟೆಪಾಡಿಗೆ ಆ ಗಾಣ, ಆ ಮುದ್ರೆ ಬಿಟ್ಟರೆ ಬೇರೇನಿಲ್ಲ. ಆದರೆ ಕರುಣೆಗೆಂದು ಮುದ್ರೆ ಒತ್ತಿದರೆ ಊರಿನ ಹೆಸರು ಏನಾಗಬೇಕು?

ಅವಳ ಹೆಸರಿನ ಮೇಲೆ ಗೆರೆ ಎಳೆದರು.

"ಹತ್ತೊಂಬತ್ತು ಮಂದಿಗೆ ಬಂದ ಬಣ್ಣ ನಿನಗೊಬ್ಬಾಕಿಗೆ ಯಾಕ ಬರಲಿಲ್ಲ ತಂಗಿ?"

ರೇವವ್ವ ಪೆಂಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ, ಮೊದಲ ಸಲ, ಹಲಗೆಯತ್ತ ತಲೆ ಎತ್ತಿದಳು.

"ಆ ಬಣ್ಣ ಬೆಂಡಿಯಿಂದ ಬರಾಂಗಿಲ್ರಿ ಮಾಸ್ತರ. ಹ್ವಾದ ವರ್ಷ ನೀವು ಆರಿಸಿದ್ದು ನನ್ನ ಪೆಂಟಿ; ಗಂಡನ್ನ ಉಳಿಸಾಕಂತ ಅದೊಂದ ಸಲ ಬಿಳಿ ಪುಡಿ ಹಾಕಿದ್ದೆ."