ಎದೆಗೆ ನೂತ ನೂಲು

ಪ್ರಯೋಗಾಲಯದಲ್ಲಿ ಹೃದಯ ಹೊಲಿಯುವ ಕೃತಕ ನೂಲು ತೆಗೆಯುವವರಿಗೆ ಒಂದೇ ಕಟ್ಟಳೆ: ಮನೆಯವರ ಎದೆಗೆ ನೂಲಬಾರದು. ನೂತವರ ಎದೆ ಹೊಡೆದುಕೊಂಡಂತೆಯೇ ಆ ನೂಲೂ ಹೊಡೆದುಕೊಳ್ಳುತ್ತದೆ. ಹಾಗಾಗಿ ಚನ್ನವೀರನ ರೋಗದ ಹೃದಯಕ್ಕೆ ಹೊಲಿದದ್ದು ಹೆಂಡತಿ ನೀಲಾಂಬಿಕೆಯ ನೂಲಲ್ಲ, ಅವಳ ಪಕ್ಕದ ಯಂತ್ರದ ಪುಷ್ಪಲತಾಳದು.

ಎರಡು ವರ್ಷ ನೀಲಾಂಬಿಕೆ ಗಂಡನ ಎದೆಗೆ ತಲೆಯಿಟ್ಟು ಮಲಗಲಿಲ್ಲ. ಪುಷ್ಪಲತಾ ಇವರ ಮನೆಯ ಮೆಟ್ಟಿಲು ಹತ್ತತೊಡಗಿದರೆ ಒಳಗೆ ಚನ್ನವೀರನ ನಾಡಿ ಏರುತ್ತಿತ್ತು. "ಪುಷ್ಪಕ್ಕ ಬಂದ್ರು ಅನ್ಸುತ್ತೆ" ಎಂದು ನಗುತ್ತ ಬಾಗಿಲು ತೆಗೆಯುತ್ತಿದ್ದ.

ನೂಲು ಬದಲಿಸುವ ವರ್ಷ ಬಂದಾಗ ನೀಲಾಂಬಿಕೆ ಯಾರಿಗೂ ಹೇಳದೆ ನೂಲಿನ ಉರುಳೆಯ ಹೆಸರಿನ ಚೀಟಿ ಬದಲಿಸಿ, ತನ್ನ ನೂಲನ್ನೇ ಪುಷ್ಪಲತಾಳ ಹೆಸರಲ್ಲಿ ಆಸ್ಪತ್ರೆಗೆ ಕಳಿಸಿದಳು.

ತಿಂಗಳ ಮೇಲೆ ಪುಷ್ಪಲತಾ ನೋಡಲು ಬಂದಳು.

"ಏನ್ ವೀರಣ್ಣ, ನನ್ ಹೊಸ ನೂಲು ಹೆಂಗೈತೆ?"

"ಗಟ್ಟಿ ಐತಕ್ಕ, ನಿಮ್ಮಂಗೇ!"

ಇಬ್ಬರೂ ನಕ್ಕರು. ನೀಲಾಂಬಿಕೆಯೂ ನಗುತ್ತಲೇ ಚಹಾ ಕೊಟ್ಟಳು.

ಚನ್ನವೀರ ತಟ್ಟನೆ ಎದೆ ಹಿಡಿದುಕೊಂಡ. ಅದು ಡವಗುಟ್ಟುತ್ತಿತ್ತು. ಪುಷ್ಪಲತಾ ಮಾತ್ರ ಆರಾಮವಾಗಿ ಚಹಾ ಕುಡಿಯುತ್ತಿದ್ದಳು. ಅವನು ನಿಧಾನವಾಗಿ ಹೆಂಡತಿಯ ಮಣಿಕಟ್ಟು ಹಿಡಿದು ನೋಡಿದ. ಬಹಳ ಹೊತ್ತು ಬಿಡಲಿಲ್ಲ.

"ಎರಡ್ ವರ್ಷನೂ ನಿಂಗೆ ಹಿಂಗೇ ಇತ್ತಾ, ನೀಲಾ?"